ಕೆ.ಜಿ. ಸುಬ್ರಮಣ್ಯನ್: ಬರೆಯುತ್ತಲೂ ಕಲಿಸುತ್ತಲೂ ಇದ್ದ ಚಿತ್ರಕಾರರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರಕಲಾ ಶಾಲೆಗಳಲ್ಲಿ ಓದಿದ ಎಲ್ಲರ ಕಿವಿಗೂ ಕೆ.ಜಿ. ಸುಬ್ರಮಣ್ಯನ್ ಹೆಸರು ಬಿದ್ದಿರುತ್ತದೆ. ಅವರ ಒಂದು ಚಿತ್ರ ನೆನಪಿಸಿಕೊಂಡು ವರ್ಣಿಸಿ ಅಂದರೆ ಮಾತ್ರ ಬಹಳ ಜನ ತಡವರಿಸುತ್ತಾರೆ. ದೊಡ್ಡ ಮೇಷ್ಟ್ರು, ದೊಡ್ಡ ಚಿಂತಕ ಅನ್ನುವ ಹೆಸರಿನ ಹಿಂದೆ ಚಿತ್ರಗಳು ಮರೆಯಾಗಿಬಿಟ್ಟಿವೆ. ವಿದ್ಯಾರ್ಥಿಗಳೂ ಕಲಾಸಕ್ತರೂ ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಬೆರೆತಿದೆ. ಒಪ್ಪದವರು ಧಾರಾಳವಾಗಿ ಜಗಳವಾಡಬಹುದು.

ಯಾರು ಇವರು? ಚುಟುಕಾಗಿ ಹೇಳಿ.

ಪೂರ್ತಿ ಹೆಸರು ಕಲ್ಪಾತಿ ಗಣಪತಿ ಸುಬ್ರಮಣ್ಯನ್. ಹುಟ್ಟಿದ್ದು 1924ರಲ್ಲಿ, ಉತ್ತರ ಕೇರಳದ ಕಣ್ಣೂರಿನ ಹತ್ತಿರದ ಕೂತುಪರಂಬದಲ್ಲಿ. ತೀರಿಕೊಂಡಿದ್ದು 2016ರ ಜೂನ್ 29ರಂದು, ವಡೋದರದಲ್ಲಿ, ಅಂದರೆ ಹಳೆಯ ಬರೋಡಾದಲ್ಲಿ. ನಡುವಿನ 92 ವರ್ಷಗಳಲ್ಲಿ ಅವರು ತೈಲವರ್ಣ, ಸುಟ್ಟಮಣ್ಣಿನ ಉಬ್ಬುಶಿಲ್ಪ, ಗಾಜಿನ ಚಿತ್ರ, ಗೋಡೆಚಿತ್ರ, ನೇಯ್ಗೆ, ಆಟಿಕೆ, ಮಕ್ಕಳ ಪುಸ್ತಕ, ಪ್ರಬಂಧ ಎಲ್ಲವನ್ನೂ ಮಾಡಿದರು. ಬರೋಡಾ ಮತ್ತು ಶಾಂತಿನಿಕೇತನ ಎರಡೂ ಕಡೆ ಪಾಠ ಹೇಳಿದರು. ಹತ್ತಿರದವರಿಗೆ ಅವರು 'ಮಣಿದಾ'.

ಅರ್ಥಶಾಸ್ತ್ರ ಓದುತ್ತಿದ್ದವರು ಚಿತ್ರಕ್ಕೆ ಬಂದಿದ್ದು ಹೇಗೆ?

ಜೈಲಿನ ದಾರಿಯಲ್ಲಿ ಅಂದರೆ ತಪ್ಪಾಗಲಾರದು. ಅವರ ಬಾಲ್ಯ ಕಳೆದದ್ದು ಮಾಹೆಯಲ್ಲಿ. ಆಗ ಅದು ಫ್ರೆಂಚರ ಕೈಯಲ್ಲಿದ್ದ ಪುಟ್ಟ ಊರು; ಸುತ್ತಲೆಲ್ಲ ಬ್ರಿಟಿಷರ ಮಲಬಾರು. ಗಾಂಧಿ, ಕಲಾಚಿಂತಕ ಆನಂದ ಕುಮಾರಸ್ವಾಮಿ ಇವರನ್ನೆಲ್ಲ ಹುಡುಗ ಚಿಕ್ಕಂದಿನಲ್ಲೇ ಓದಿಕೊಂಡಿದ್ದ. ಮುಂದೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅರ್ಥಶಾಸ್ತ್ರಕ್ಕೆ ಸೇರಿದರು. 1942ರ 'ಭಾರತ ಬಿಟ್ಟು ತೊಲಗಿ' ಚಳವಳಿಗೆ ಇಳಿದು ಸೆರೆಮನೆ ಕಂಡರು. ಹೊರಬಂದಾಗ ಸರ್ಕಾರಿ ಕಾಲೇಜುಗಳ ಬಾಗಿಲು ಮುಚ್ಚಿತ್ತು. ಚಿತ್ರ ಬರೆಯುವ ಗೀಳು ಮೊದಲಿನಿಂದ ಇದ್ದೇ ಇತ್ತು. 1944ರಲ್ಲಿ ಶಾಂತಿನಿಕೇತನದ ಕಲಾಶಾಲೆಯಾದ ಕಲಾಭವನ ಸೇರಿದರು.

ಈ ಹಿನ್ನೆಲೆಯನ್ನು ಜೀವನಚರಿತ್ರೆಯ ಮೊದಲ ಪ್ಯಾರಾ ಅಂತ ಓದಿ ಮುಂದೆ ಹೋಗಬಾರದು. ನೇಕಾರನ ಕೈಗೆ, ಕುಂಬಾರನ ಕೈಗೆ ಕಾರ್ಖಾನೆ ಏನು ಮಾಡುತ್ತದೆ ಅನ್ನುವುದು ಅವರಿಗೆ ಕಲೆಯ ಪ್ರಶ್ನೆಯಾಗುವ ಮೊದಲೇ ಗಾಂಧಿಯ ಪ್ರಶ್ನೆಯಾಗಿತ್ತು, ಅರ್ಥಶಾಸ್ತ್ರದ ಪ್ರಶ್ನೆಯಾಗಿತ್ತು. ಮುಂದಿನ ಎಪ್ಪತ್ತು ವರ್ಷ ಅವರು ಕುಂಚದಲ್ಲೂ ಲೇಖನಿಯಲ್ಲೂ ಅದನ್ನೇ ಬೆನ್ನಟ್ಟಿದರು ಅಂತ ನನಗನ್ನಿಸುತ್ತದೆ.

ಶಾಂತಿನಿಕೇತನದಲ್ಲಿ ಅವರಿಗೆ ಸಿಕ್ಕಿದ್ದೇನು?

ಮೂವರು ಗುರುಗಳು, ಮೂರು ದಿಕ್ಕು. ನಂದಲಾಲ್ ಬೋಸ್ ಶಿಸ್ತಿನವರು. ಹರಿಪುರದ 1938ರ ಕಾಂಗ್ರೆಸ್ ಅಧಿವೇಶನಕ್ಕೆ ಹಳ್ಳಿಯ ಜನರ ಚಿತ್ರಗಳನ್ನು ಸರಸರನೆ ಬರೆದು ಪೆಂಡಾಲಿನ ತುಂಬ ತೂಗುಹಾಕಿದವರು. ರಾಮ್‌ಕಿಂಕರ್ ಬೈಜ್ ಕಾಂಕ್ರೀಟು, ಜಲ್ಲಿ ಕಲಸಿ ಬಯಲಲ್ಲೇ ಸಂಥಾಲ ಕುಟುಂಬವನ್ನು ನಿಲ್ಲಿಸಿದವರು. ಬಿನೋದ್ ಬಿಹಾರಿ ಮುಖರ್ಜಿ ಮಾತು ಕಡಿಮೆ, ಯೋಚನೆ ಹೆಚ್ಚು ಅನ್ನುವ ಜಾತಿ. ಹುಟ್ಟಿನಿಂದಲೇ ಅವರ ಒಂದು ಕಣ್ಣು ಕಾಣುತ್ತಿರಲಿಲ್ಲ, ಇನ್ನೊಂದಕ್ಕೆ ಹತ್ತಿರದ್ದಷ್ಟೇ ಕಾಣುತ್ತಿತ್ತು.

ಸುಬ್ರಮಣ್ಯನ್ ಮೇಲೆ ಎಲ್ಲರಿಗಿಂತ ಹೆಚ್ಚು ಛಾಪು ಒತ್ತಿದವರು ಬಿನೋದ್ ಬಿಹಾರಿ. 1946-47ರಲ್ಲಿ ಹಿಂದಿ ಭವನದ ಒಳಗೋಡೆಗಳ ಮೇಲೆ ಅವರು ಮಧ್ಯಯುಗದ ಸಂತರ ಬದುಕನ್ನು ಬರೆದಾಗ ಸಹಾಯಕ್ಕೆ ನಿಂತ ಶಿಷ್ಯರಲ್ಲಿ ಸುಬ್ರಮಣ್ಯನ್ ಕೂಡ ಒಬ್ಬರು. ಅಲ್ಲಿ ಬಳಸಿದ್ದು ಹಸಿ ಗಾರೆಯ ವಿಧಾನ. ಅದರ ಕಷ್ಟವನ್ನು ಕೆಲಸ ಮಾಡಿದವರೇ ಬಲ್ಲರು. ಆ ದಿನ ಬರೆದು ಮುಗಿಸುವಷ್ಟು ಜಾಗಕ್ಕೆ ಮಾತ್ರ ಸುಣ್ಣದ ಗಾರೆ ಬಳಿಯಬೇಕು. ಅದು ಒದ್ದೆಯಿರುವಾಗಲೇ ಬರೀ ನೀರಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತ ಗಾಳಿಯನ್ನು ಹೀರಿ ಕಲ್ಲಾಗುತ್ತದೆ, ಬಣ್ಣವೂ ಅದರೊಳಗೇ ಸೇರಿಹೋಗುತ್ತದೆ. ತಪ್ಪಾದರೆ ಒರೆಸಲು ಬರುವುದಿಲ್ಲ, ಕೆತ್ತಿ ತೆಗೆದು ಹೊಸದಾಗಿ ಗಾರೆ ಹಾಕಬೇಕು. ಇಂಥ ಕೆಲಸಕ್ಕೆ ಗೋಡೆಯಷ್ಟೇ ಅಳತೆಯ ನಕ್ಷೆ ಮೊದಲೇ ಬರೆದು ಇಟ್ಟುಕೊಳ್ಳುವುದು ವಾಡಿಕೆ. ಬಿನೋದ್ ಬಿಹಾರಿ ಅದನ್ನೂ ಇಟ್ಟುಕೊಳ್ಳಲಿಲ್ಲ. ದೂರ ನಿಂತರೆ ಇಡೀ ಗೋಡೆ ಅವರ ಕಣ್ಣಿಗೆ ಸಿಗುತ್ತಿರಲಿಲ್ಲ. ನೋಡದೆಯೇ ಅದನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದರು. ಕಬೀರ, ಸೂರದಾಸ, ತುಳಸೀದಾಸರು ಜನರ ನಡುವೆ ನದಿಯಂತೆ ಹರಿದುಕೊಂಡು ಬರುತ್ತಾರೆ.

ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗನಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೆ? 1950ರ ದಶಕದಲ್ಲಿ ಗುರುಗಳ ದೃಷ್ಟಿ ಪೂರ್ತಿ ಹೋಯಿತು. ಆಮೇಲೂ ಅವರು ಕಾಗದ ಕತ್ತರಿಸಿ ಚಿತ್ರ ಮಾಡಿದರು, ಬಂಗಾಳಿಯಲ್ಲಿ ಆತ್ಮಕಥನ ಬರೆಯಿಸಿದರು. ದಶಕಗಳ ನಂತರ ಅದನ್ನು ಇಂಗ್ಲಿಷಿಗೆ ತಂದವರು ಇದೇ ಶಿಷ್ಯ.

ಕರ್ನಾಟಕದ ಜೊತೆ ಇವರಿಗೆ ನಂಟು ಇದೆಯೇ?

ನೇರವಾಗಿ ಅಲ್ಲ, ಗುರು-ಶಿಷ್ಯರ ದಾರಿಯಲ್ಲಿದೆ. ನಮ್ಮ ಕೆ. ವೆಂಕಟಪ್ಪ ಮತ್ತು ನಂದಲಾಲ್ ಬೋಸ್ ಇಬ್ಬರೂ ಕಲ್ಕತ್ತೆಯಲ್ಲಿ ಅಬನೀಂದ್ರನಾಥ ಟಾಗೋರರ ಶಿಷ್ಯರು. ಆ ಲೆಕ್ಕದಲ್ಲಿ ವೆಂಕಟಪ್ಪನವರು ಸುಬ್ರಮಣ್ಯನ್‌ಗೆ ಗುರುವಿನ ಒಡನಾಡಿ. ಇನ್ನು ಇತ್ತೀಚೆಗೆ ಬಂದರೆ ಶೀಲಾ ಗೌಡ ಇದ್ದಾರೆ. ಬೆಂಗಳೂರಿನಲ್ಲಿ ಆರ್.ಎಂ. ಹಡಪದ್ ಅವರ ಕೆನ್ ಕಲಾಶಾಲೆಯಲ್ಲಿ ಕಲಿತು, ಆಮೇಲೆ ಶಾಂತಿನಿಕೇತನಕ್ಕೆ ಹೋದರು. ಸುಬ್ರಮಣ್ಯನ್ ಅಲ್ಲಿ ಪಾಠ ಹೇಳುತ್ತಿದ್ದ ಕಾಲ ಅದು. ಸೆಗಣಿ, ಕುಂಕುಮ, ದಾರ, ಸೂಜಿ ಇಟ್ಟುಕೊಂಡು ಶೀಲಾ ಮುಂದೆ ಮಾಡಿದ ಕೆಲಸ ನೋಡಲು ಮೇಷ್ಟ್ರ ಕೆಲಸದಂತೆ ಇಲ್ಲವೇ ಇಲ್ಲ. ವಸ್ತುವನ್ನು ಗೌರವಿಸುವ ರೀತಿಯಲ್ಲಿ ಮಾತ್ರ ನಂಟು ಕಾಣುತ್ತದೆ.

ಬರೋಡಾ ಕಾಲೇಜಿನ ಬಗ್ಗೆ ಇಷ್ಟೊಂದು ಮಾತೇಕೆ?

ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಲಲಿತಕಲಾ ವಿಭಾಗ ತೆರೆದದ್ದು 1950ರಲ್ಲಿ. ಅಲ್ಲಿಯವರೆಗೆ ನಮ್ಮಲ್ಲಿ ಚಿತ್ರಕಲೆ ಅಂದರೆ ಬ್ರಿಟಿಷರು ಕಟ್ಟಿದ ಕಲಾಶಾಲೆಗಳ ಡಿಪ್ಲೊಮಾ. ಚಿತ್ರಕಾರನೂ ಉಳಿದ ಪದವೀಧರರಂತೆ ಇತಿಹಾಸ ಓದಲಿ, ಬರೆಯಲಿ, ವಾದ ಮಾಡಲಿ ಎನ್ನುವುದು ಹೊಸ ಯೋಚನೆ. ಎನ್.ಎಸ್. ಬೇಂದ್ರೆ ಚಿತ್ರಕಲೆಗೆ, ಶಂಖೋ ಚೌಧುರಿ ಶಿಲ್ಪಕ್ಕೆ ಇದ್ದರು. (ಈ ಬೇಂದ್ರೆ ಇಂದೋರಿನವರು, ನಮ್ಮ ವರಕವಿಗಳಲ್ಲ, ಪ್ರತಿ ಸಲ ಯಾರಾದರೂ ಕೇಳುತ್ತಾರೆ.) ಸುಬ್ರಮಣ್ಯನ್ 1951ರಲ್ಲಿ ಅಧ್ಯಾಪಕರಾಗಿ ಸೇರಿದರು. 1955-56ರಲ್ಲಿ ಲಂಡನ್ನಿನ ಸ್ಲೇಡ್ ಕಲಾಶಾಲೆಗೆ ಹೋಗಿಬಂದರು, 1966ರಲ್ಲಿ ಪ್ರಾಧ್ಯಾಪಕರಾದರು, 1968ರಿಂದ 1974ರವರೆಗೆ ಡೀನ್ ಆಗಿದ್ದರು.

ಜ್ಯೋತಿ ಭಟ್, ಗುಲಾಮ್ ಮೊಹಮ್ಮದ್ ಶೇಖ್, ಹಕು ಶಾ, ಲಕ್ಷ್ಮಾ ಗೌಡ್, ನೀಲಿಮಾ ಶೇಖ್, ಮೃಣಾಲಿನಿ ಮುಖರ್ಜಿ ಎಲ್ಲ ಅದೇ ಅಂಗಳದಿಂದ ಬಂದವರು. ಪಟ್ಟಿ ನೋಡಿದರೆ ಒಬ್ಬರ ಕೆಲಸ ಇನ್ನೊಬ್ಬರದರಂತೆ ಇಲ್ಲ. ಮೇಷ್ಟ್ರ ಗೆರೆ ಹೊತ್ತುಕೊಂಡು ತಿರುಗುವ ಶಿಷ್ಯರು ನಮ್ಮ ಕಲಾಲೋಕದಲ್ಲಿ ಬೇಕಾದಷ್ಟಿದ್ದಾರೆ, ಇಲ್ಲಿ ಹಾಗಾಗಲಿಲ್ಲ. ಮೃಣಾಲಿನಿಯವರದ್ದು ಒಳ್ಳೆಯ ಉದಾಹರಣೆ. ಬಿನೋದ್ ಬಿಹಾರಿಯವರ ಮಗಳು ಅವರು. ತಂದೆಯ ಶಿಷ್ಯನ ಹತ್ತಿರ ಭಿತ್ತಿವಿನ್ಯಾಸ ಕಲಿಯಲು ಬಂದರು, ನಾರಿನ ಹಗ್ಗ ಕೈಗೆತ್ತಿಕೊಂಡರು. ಗಂಟು ಹಾಕುತ್ತ ಹಾಕುತ್ತ ಆಳೆತ್ತರದ ಯಕ್ಷಿಯರನ್ನು ಮಾಡಿದರು. ಹಗ್ಗ ಹಿಡಿದ ವಿದ್ಯಾರ್ಥಿನಿಯನ್ನು 'ಇದು ಶಿಲ್ಪವೋ ಕಸುಬೋ' ಅಂತ ಕೇಳಿ ಅಂಜಿಸದೆ ಇರುವುದು ಆ ಕಾಲಕ್ಕೆ ದೊಡ್ಡ ಮಾತು.

ಕೈಮಗ್ಗ ಮಂಡಳಿಯಲ್ಲಿ ಇದ್ದರಂತೆ. ಹೊಟ್ಟೆಪಾಡಿಗಾಗಿಯೇ?

1959ರಿಂದ 1961ರವರೆಗೆ ಮುಂಬಯಿಯಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿಯ ವಿನ್ಯಾಸ ವಿಭಾಗದ ಉಪನಿರ್ದೇಶಕರಾಗಿದ್ದರು. ಸಂಬಳ ಬಂದಿರಬೇಕು, ಅದರಲ್ಲಿ ನಾಚಿಕೆಯೇನೂ ಇಲ್ಲ. ಆ ದಿನಗಳಲ್ಲಿ ನೇಕಾರರ ಸೇವಾಕೇಂದ್ರಗಳಿಗೆ ಹಲವು ಚಿತ್ರಕಾರರು ಹೋಗಿ ಕೆಲಸ ಮಾಡಿದರು. ಬಹಳ ಮಂದಿಗೆ ಅದು ಜೀವನದ ಒಂದು ನಿಲ್ದಾಣ; ಇಳಿದರು, ಹತ್ತಿದರು. ಸುಬ್ರಮಣ್ಯನ್ ಮಾತ್ರ ಅಲ್ಲಿಂದ ಒಂದು ವ್ಯಾಕರಣವನ್ನೇ ಹೊತ್ತು ತಂದರು. ಮಗ್ಗದಲ್ಲಿ ಹಾಸು, ಹೊಕ್ಕು ಎರಡೇ ದಿಕ್ಕು. ಆ ಮಿತಿಯೊಳಗೆ ಹೂವು, ಹಕ್ಕಿ, ಆನೆ ಎಲ್ಲ ಹೊರಡಬೇಕು. ಒಂದು ಚಿಕ್ಕ ಆಕಾರವನ್ನು ಹೇಗೆ ತಿರುಗಿಸಿ, ಮಗುಚಿ, ಜೋಡಿಸಿ ಬೇರೆ ಬೇರೆ ಅರ್ಥ ಬರುವ ಹಾಗೆ ಮಾಡಬಹುದು ಎಂಬುದು ಅವರ ಮುಂದಿನ ಎಲ್ಲ ಚಿತ್ರಗಳಲ್ಲೂ ಆಡಿರುವ ಆಟ.

ಲಕ್ನೋದ ಗೋಡೆಯನ್ನು ಅವರ ಅತ್ಯುತ್ತಮ ಕೆಲಸ ಅನ್ನುತ್ತಾರೆ. ಅದರಲ್ಲೇನಿದೆ?

ಅತ್ಯುತ್ತಮ ಹೌದೋ ಅಲ್ಲವೋ, ಅವರು ಯಾರೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಲಕ್ನೋದ ಚಾರ್‌ಬಾಗ್ ರೈಲು ನಿಲ್ದಾಣದ ಎದುರಿಗಿರುವ ರವೀಂದ್ರಾಲಯ ರಂಗಮಂದಿರಕ್ಕೆ 1963ರಲ್ಲಿ ಮಾಡಿದ ಸುಟ್ಟಮಣ್ಣಿನ ಗೋಡೆ ಅದು. ಉದ್ದ 80 ಅಡಿಯ ಆಸುಪಾಸು, ಎತ್ತರ ಅದರ ಒಂಬತ್ತನೇ ಒಂದು ಪಾಲಿನಷ್ಟು. ವಸ್ತು ಟಾಗೋರರ 'ರಾಜಾ' ನಾಟಕ. ರಾಜ ಕತ್ತಲೆಯ ಕೋಣೆಯಲ್ಲಿ ಮಾತ್ರ ರಾಣಿಯನ್ನು ಕಾಣುತ್ತಾನೆ, ಬೆಳಕಿನಲ್ಲಿ ಯಾರಿಗೂ ಮುಖ ತೋರಿಸುವುದಿಲ್ಲ. ಕಾಣದ ನಾಯಕನನ್ನು ಗೋಡೆಯ ಮೇಲೆ ಕಾಣಿಸುವುದು ಹೇಗೆ ಅಂತ ಯಾರಾದರೂ ತಲೆ ಕೆರೆದುಕೊಳ್ಳುವಂಥ ವಸ್ತು.

ಅವರು ಇಡೀ ಗೋಡೆಯನ್ನು ಸಣ್ಣ ಸಣ್ಣ ಬಿಲ್ಲೆಗಳಾಗಿ ಒಡೆದರು. ಮಣ್ಣಿನ ಹಾಳೆ ತಟ್ಟಿ, ಚಾಕುವಿನಿಂದ ಕತ್ತರಿಸಿ, ಬೆರಳಿನಿಂದ ಚಿವುಟಿ, ಅಂಚು ಮಡಚಿ, ಒಣಗಿಸಿ ಸುಟ್ಟು, ಆಮೇಲೆ ಗೋಡೆಗೆ ಕೂಡಿಸಿದ್ದು. ಹತ್ತಿರ ಹೋದರೆ ಕಾಣುವುದು ಬಳೆಯಂಥ ಸುತ್ತು, ಎಲೆಯಂಥ ತುಂಡು, ಬೆರಳು ಒತ್ತಿದ ಗುಳಿ, ಗೀಚಿದ ಗೆರೆ, ಅಷ್ಟೇ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅದೇ ಸುತ್ತು ಕಣ್ಣಾಗುತ್ತದೆ, ಎಲೆ ಸೀರೆಯ ನೆರಿಗೆಯಾಗುತ್ತದೆ. ರಸ್ತೆಯ ಆಚೆಗೆ ಹೋದರೆ ಮನುಷ್ಯರ ಆಕಾರಗಳೂ ಕರಗಿ ಒಂದು ಹಾಸುಬಟ್ಟೆ ಮಾತ್ರ ಉಳಿಯುತ್ತದೆ. ಕುಂಬಾರನ ಮಣ್ಣು, ನೇಕಾರನ ಜೋಡಣೆ, ಬಿನೋದ್ ಬಿಹಾರಿಯವರ ಹರಿವು, ಮೂರೂ ಒಂದೇ ಕಡೆ.

ಮಣ್ಣಿಗೆ ಇನ್ನೊಂದು ತೊಡಕಿದೆ. ಒಣಗುವಾಗ ಒಮ್ಮೆ, ಸುಡುವಾಗ ಇನ್ನೊಮ್ಮೆ ಅದು ಕುಗ್ಗುತ್ತದೆ. ದೊಡ್ಡ ಹಲಗೆ ಮಾಡಿದರೆ ಡೊಂಕಾಗುತ್ತದೆ, ಬಿರಿಯುತ್ತದೆ. ಚಿಕ್ಕ ತುಂಡುಗಳ ಆಯ್ಕೆ ಬರೀ ಸೌಂದರ್ಯದ ಆಯ್ಕೆ ಅಲ್ಲ, ಮಣ್ಣು ಹೇಳಿದ್ದನ್ನು ಕೇಳಿಸಿಕೊಂಡದ್ದು. ಅವರ ಪ್ರಬಂಧಗಳಲ್ಲಿ ಬರುವ 'ವಸ್ತುವಿನ ಜೊತೆ ಸಂವಾದ' ಎಂಬಂಥ ಮಾತು ಒಣ ತತ್ವದಂತೆ ಕಂಡರೆ ಈ ಗೋಡೆಯನ್ನು ನೆನೆಸಿಕೊಳ್ಳಿ.

ಅಷ್ಟು ದೊಡ್ಡ ಕಲಾವಿದರು ಆಟಿಕೆ ಮಾಡಿ ಮಾರುತ್ತಿದ್ದದ್ದು ನಿಜವೇ?

ನಿಜ. ಬರೋಡಾದ ಲಲಿತಕಲಾ ಮೇಳಕ್ಕೆ ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ಆಟಿಕೆ, ಬೊಂಬೆ, ಮುಖವಾಡ ಮಾಡಿ ಊರಿನವರಿಗೆ ಮಾರುತ್ತಿದ್ದರು. ಸುಬ್ರಮಣ್ಯನ್ ಮರದ ತುಂಡು, ಮಣಿ, ಚರ್ಮ, ನಾರು ಸೇರಿಸಿ ಗೂಬೆ, ಕುದುರೆ, ಕೋತಿ ಮಾಡಿದರು. ಡೀನ್ ಸಾಹೇಬರು ನೆಲದ ಮೇಲೆ ಕೂತು ಗೊಂಬೆಗೆ ಬಾಲ ಅಂಟಿಸುವುದನ್ನು ಕಂಡ ವಿದ್ಯಾರ್ಥಿಗೆ ಶ್ರೇಷ್ಠ ಕಲೆ, ಕನಿಷ್ಠ ಕಲೆ ಎಂಬ ಉಪನ್ಯಾಸ ಬೇರೆ ಬೇಕಾಗಿಲ್ಲ. ಆ ಆಟಿಕೆಗಳು ಈಗ ಸಂಗ್ರಾಹಕರ ಗಾಜಿನ ಕಪಾಟಿನಲ್ಲಿವೆ, ಮಕ್ಕಳ ಕೈಗೆ ಸಿಗುವುದಿಲ್ಲ. ಮೇಷ್ಟ್ರು ನಗುತ್ತಿದ್ದರೇನೋ.

ಗಾಜಿನ ಹಿಂಬದಿಯಿಂದ ಬರೆಯುವುದು ಅಂದರೇನು?

1970ರ ದಶಕದ ಕೊನೆಯ ಹೊತ್ತಿಗೆ ಅವರು ಕೈಹಾಕಿದ ಮಾಧ್ಯಮ ಇದು. ಮುಂದೆ ಗಾಜಿನ ಬದಲು ಅಕ್ರಿಲಿಕ್ ಹಾಳೆಯನ್ನೂ ಬಳಸಿದರು. ಹಳೆಯ ಮೈಸೂರು, ತಂಜಾವೂರು ಸೀಮೆಯ ಮನೆಗಳಲ್ಲಿ ಗಾಜಿನ ಮೇಲೆ ಬರೆದ ಕೃಷ್ಣ, ಲಕ್ಷ್ಮಿಯರನ್ನು ಕಂಡವರಿಗೆ ಈ ವಿದ್ಯೆ ಗೊತ್ತು. ಚಿತ್ರ ಬರೆಯುವುದು ಗಾಜಿನ ಒಂದು ಮೈಮೇಲೆ, ನೋಡುವುದು ಇನ್ನೊಂದು ಮೈಯಿಂದ. ಹಾಗಾಗಿ ಎಲ್ಲವೂ ತಿರುಗುಮುರುಗು. ಕ್ಯಾನ್ವಾಸಿನಲ್ಲಾದರೆ ಹಿನ್ನೆಲೆ ಮೊದಲು, ಮುಖ ಆಮೇಲೆ, ಕಣ್ಣಿನ ಹೊಳಪಿನ ಬಿಳಿ ಚುಕ್ಕೆ ಕಟ್ಟಕಡೆಗೆ. ಇಲ್ಲಿ ಆ ಬಿಳಿ ಚುಕ್ಕೆಯೇ ಮೊದಲು. ಅದರ ಮೇಲೆ ಕಣ್ಣುಗುಡ್ಡೆಯ ಕಪ್ಪು, ಅದರ ಮೇಲೆ ಮುಖದ ಬಣ್ಣ, ಕೊನೆಗೆ ಹಿನ್ನೆಲೆ. ಎಡ ಬಲವೂ ಅದಲುಬದಲು. ಒಮ್ಮೆ ಮುಖದ ಬಣ್ಣ ಬಿದ್ದ ಮೇಲೆ ಮೂಗಿನ ಗೆರೆ ತಿದ್ದುತ್ತೇನೆ ಅಂದರೆ ಆಗುವುದಿಲ್ಲ.

ತಿದ್ದಲು ಬಾರದ ಮಾಧ್ಯಮಗಳ ಮೇಲೆ ಅವರಿಗೇಕೆ ಇಷ್ಟು ಪ್ರೀತಿ ಅಂತ ಯೋಚಿಸಿದ್ದೇನೆ. ಹಸಿ ಗಾರೆ, ಗಾಜು, ಮಸಿ ಎಲ್ಲವೂ ಅಂಥವೇ. ಕೈ ಹಿಂಜರಿಯಲು ಪುರುಸೊತ್ತೇ ಇಲ್ಲದಿದ್ದರೆ ಗೆರೆಗೆ ಒಂದು ತುಂಟತನ ಬರುತ್ತದೆ. ಅವರ ಗಾಜಿನ ಚಿತ್ರಗಳಲ್ಲಿ ಕಣ್ಣು ಹೊಡೆಯುವ ಹೆಂಗಸರು, ಸೋಫಾದ ಮೇಲೆ ಒರಗಿದ ಬೆಕ್ಕು, ಹೂದಾನಿ, ದೇವಿ, ಅಡ್ನಾಡಿ ಗಂಡಸರು ಎಲ್ಲರೂ ಒಂದೇ ಕೋಣೆಯಲ್ಲಿ. ಪೂಜೆಯ ಚಿತ್ರದ ಚೌಕಟ್ಟಿನಲ್ಲಿ ಪೋಲಿ ನಗು ಇಟ್ಟಿದ್ದಾರೆ.

ಅವರ ಚಿತ್ರದಲ್ಲಿ ರಾಜಕೀಯ ಇದೆಯೇ, ಬರೀ ಅಲಂಕಾರವೇ?

1971ರ ಬಾಂಗ್ಲಾ ಯುದ್ಧದ ಹೊತ್ತಿನ ಸುಟ್ಟಮಣ್ಣಿನ ಉಬ್ಬುಚಿತ್ರಗಳನ್ನು ನೋಡಿ. ಎದೆತುಂಬ ಪದಕ ಅಂಟಿಸಿಕೊಂಡ ಸೇನಾಪತಿಗಳು, ಅವರ ಸುತ್ತ ಕೈಕಾಲು ಮುರಿದ ದೇಹಗಳು. ಹಸಿ ಮಣ್ಣನ್ನು ಒತ್ತಿ, ಹಿಂಡಿ, ಕೊಯ್ದು ಮಾಡಿದ ಮೈಗಳು ಅವು. ಮಣ್ಣಿಗೆ ಆದದ್ದೇ ಆ ಮೈಗಳಿಗೂ ಆಗಿದೆ. ಪದಕ ಮಾತ್ರ ನೀಟಾಗಿ ಅಚ್ಚೊತ್ತಿದ ಹಾಗೆ ಇದೆ. ಇದಕ್ಕಿಂತ ಕಟುವಾದ ವ್ಯಂಗ್ಯ ಆ ಕಾಲದ ನಮ್ಮ ಕಲೆಯಲ್ಲಿ ಹೆಚ್ಚು ಕಂಡಿಲ್ಲ. ತೊಂಬತ್ತನೇ ವಯಸ್ಸಿನ ಹೊಸ್ತಿಲಲ್ಲೂ ಅವರು ಧರ್ಮದ ಹೆಸರಿನ ಯುದ್ಧಗಳ ಮೇಲೆ ಗೋಡೆಯಷ್ಟು ದೊಡ್ಡ ಕಪ್ಪು-ಬಿಳುಪು ಚಿತ್ರ ಬರೆದರು. ಘೋಷಣೆ ಕೂಗುವ ಚಿತ್ರ ಮಾತ್ರ ರಾಜಕೀಯ ಅನ್ನುವವರಿಗೆ ಇವರು ಕಾಣಿಸುವುದಿಲ್ಲ.

ಬರಹಗಳಲ್ಲಿ ಅವರ ವಾದ ಏನು? ಒಂದು ಮಾತಿನಲ್ಲಿ ಹೇಳಬಹುದೇ?

ಒಂದು ಮಾತಿಗೆ ಸಿಗುವವರಲ್ಲ, ಪ್ರಯತ್ನಿಸುತ್ತೇನೆ. ನಮ್ಮಲ್ಲಿ ಕುಂಬಾರ, ನೇಕಾರ, ರಂಗೋಲಿ ಹಾಕುವ ಹೆಂಗಸು, ದೇವಸ್ಥಾನದ ಶಿಲ್ಪಿ, ಆಸ್ಥಾನದ ಚಿತ್ರಕಾರ ಇವರೆಲ್ಲ ಒಂದೇ ಭಾಷೆಯ ಬೇರೆ ಬೇರೆ ಮಟ್ಟದಲ್ಲಿ ಮಾತಾಡುತ್ತಿದ್ದರು. ಒಬ್ಬರ ಶಬ್ದ ಇನ್ನೊಬ್ಬರಿಗೆ ಹೋಗುತ್ತಿತ್ತು, ಬರುತ್ತಿತ್ತು. ವಸಾಹತು ಕಾಲದ ಕಲಾಶಿಕ್ಷಣ ಮತ್ತು ಕಾರ್ಖಾನೆ ಸೇರಿ ಆ ಓಡಾಟ ನಿಲ್ಲಿಸಿದವು. ಚಿತ್ರಕಾರ ಮಹಡಿ ಹತ್ತಿ ಒಂಟಿಯಾದ, ಕುಶಲಕರ್ಮಿ ಕೆಳಗೆ ಬಡವಾದ. ಹಳೆಯದನ್ನು ಹಾಗೇ ತರಲು ಬರುವುದಿಲ್ಲ. ಪರಂಪರೆ ಅಂದರೆ ನಕಲು ಮಾಡುವ ನಮೂನೆಗಳ ಗಂಟಲ್ಲ, ಈಗಲೂ ಬಳಸಿ ಬದಲಾಯಿಸಬಹುದಾದ ಭಾಷೆ. ಆಧುನಿಕ ಕಲಾವಿದ ಅದನ್ನು ಕಲಿಯಬೇಕು, ತನ್ನ ಮಾತು ಆಡಬೇಕು.

ಗಮನಿಸಿ, ಇದು ಸ್ವದೇಶಿ ಹಠವಲ್ಲ. ಪಿಕಾಸೊ, ಮಟೀಸರನ್ನು ಅವರು ಅರಗಿಸಿಕೊಂಡಿದ್ದಾರೆ; ಕಲ್ಕತ್ತೆಯ ಕಾಳಿ ಗುಡಿಯ ಬಳಿ ಮಾರುತ್ತಿದ್ದ ಕಾಳಿಘಾಟಿನ ಪಟಗಳ ಪಕ್ಕದಲ್ಲಿಟ್ಟು ನೋಡುತ್ತಾರೆ. ಪಶ್ಚಿಮ ಬೇಡ ಅನ್ನುವವರಿಗೂ ಪಶ್ಚಿಮವೇ ಸಾಕು ಅನ್ನುವವರಿಗೂ ಅವರು ಸಮಾನವಾಗಿ ಇರುಸುಮುರುಸು ಉಂಟುಮಾಡಿದರು.

ಇಂಗ್ಲಿಷ್ ಗದ್ಯ ಚೊಕ್ಕವಾಗಿದೆ, ಆದರೆ ಬಿಗಿ. ಉಪನ್ಯಾಸಕ್ಕೆ ಬರೆದ ಪ್ರಬಂಧಗಳಲ್ಲಿ ಉದಾಹರಣೆಗಳು ಇನ್ನಷ್ಟು ಇರಬೇಕಿತ್ತು ಅನ್ನಿಸುತ್ತದೆ. ಪಕ್ಕದಲ್ಲಿ ಚಿತ್ರಗಳನ್ನು ಇಟ್ಟುಕೊಂಡು ಓದದಿದ್ದರೆ ಹತ್ತನೇ ಪುಟಕ್ಕೆ ಕಣ್ಣು ಎಳೆಯುತ್ತದೆ. ಇದನ್ನು ಹೇಳಿದರೆ ಕೆಲವರು ಮುನಿಸಿಕೊಳ್ಳುತ್ತಾರೆ.

ಮಕ್ಕಳಿಗೂ ಬರೆದಿದ್ದಾರಾ?

ಹೌದು, ಬರೆದು ಚಿತ್ರವನ್ನೂ ತಾವೇ ಮಾಡಿದ್ದಾರೆ. ದೇವರು ಮೊದಲು ಪ್ರಾಣಿಗಳನ್ನೆಲ್ಲ ಒಂದೇ ಥರ ಮಾಡಿದ್ದ ಎಂದು ಶುರುವಾಗುವ ಕಥೆ, ಹನು ಹನುಮಂತನಾದ ಕಥೆ, ರಾಕ್ಷಸರನ್ನು ಗೆಳೆಯರೆಂದು ಕರೆಯುವ ಕಥೆ ಇವೆ. ತುರ್ತುಪರಿಸ್ಥಿತಿಯನ್ನು ಚುಚ್ಚುವ ಒಂದು ಕಥೆ ಮಕ್ಕಳ ಪುಸ್ತಕದ ವೇಷದಲ್ಲಿದೆ. ಕನ್ನಡದ ಪ್ರಕಾಶಕರು ಇತ್ತ ನೋಡಿದರೆ ಒಳ್ಳೆಯದಿತ್ತು. ಪದಗಳು ಕಡಿಮೆ, ಕತ್ತರಿಸಿದ ಕಾಗದದಂಥ ಆಕಾರಗಳೇ ಮುಕ್ಕಾಲು ಕಥೆ ಹೇಳುತ್ತವೆ.

ಅವರ ಚಿತ್ರವನ್ನು ಗುರುತಿಸುವುದು ಹೇಗೆ?

ಪರೀಕ್ಷೆಗಾಗಿ ಕೇಳುತ್ತಿದ್ದರೆ: ಚೌಕಟ್ಟಿನೊಳಗೆ ಚೌಕಟ್ಟು, ಕಿಟಕಿಯೊಳಗೆ ಕಿಟಕಿ, ಆಳವಿಲ್ಲದ ಚಪ್ಪಟೆ ಜಾಗ, ಒಂದೇ ಬೀಸಿನ ದಪ್ಪ ಗೆರೆ, ಮೇಕೆ, ಕಾಗೆ, ಕೋತಿ, ಬೆಕ್ಕು, ಮಹಿಷನನ್ನು ತುಳಿಯುತ್ತಲೇ ಪಕ್ಕದ ಮನೆಯಾಕೆಯಂತೆ ಕಾಣುವ ದುರ್ಗೆ. 1960ರ ದಶಕದ ಕಿಟಕಿ, ತಾರಸಿ, ಮೇಜಿನ ಚಿತ್ರಗಳಲ್ಲಿ ಬಣ್ಣದ ಚೌಕಗಳೇ ಹೆಚ್ಚು, ಮನುಷ್ಯರು ಕಡಿಮೆ. 1980ರಲ್ಲಿ ಶಾಂತಿನಿಕೇತನಕ್ಕೆ ಮರಳಿದ ಮೇಲೆ ಚಿತ್ರಕ್ಕೆ ಜನ, ಪ್ರಾಣಿ, ಪುರಾಣ ಎಲ್ಲ ನುಗ್ಗಿಬಂದವು. ಬಹುರೂಪಿಗಳು, ಅಂದರೆ ದೇವರ ವೇಷ ಕಟ್ಟಿ ಊರೂರು ತಿರುಗುವವರು, ಅವರಿಗೆ ಅಚ್ಚುಮೆಚ್ಚು. ವೇಷದ ಕೆಳಗೆ ಬೀಡಿ ಸೇದುವ ಮನುಷ್ಯ, ಮನುಷ್ಯನ ಕೆಳಗೆ ಮತ್ತೆ ದೇವರು ಇಣುಕುವ ಆ ಗೊಂದಲವನ್ನು ಅವರಷ್ಟು ಸಂತೋಷದಿಂದ ಬರೆದವರಿಲ್ಲ.

ಟೀಕೆಗಳೇ ಇಲ್ಲವೇ?

ಇವೆ. ಬಹಳ ಮಾಧ್ಯಮಕ್ಕೆ ಕೈಹಾಕಿದರು, ಒಂದರಲ್ಲೂ ಕೊನೆಯ ತಳ ಮುಟ್ಟಲಿಲ್ಲ ಎಂಬುದು ಒಂದು. ನಾನಿದನ್ನು ಒಪ್ಪುವುದಿಲ್ಲ, ಮಾಧ್ಯಮದಿಂದ ಮಾಧ್ಯಮಕ್ಕೆ ನಡೆಯುವುದೇ ಅವರ ಕೆಲಸವಾಗಿತ್ತು. ಚಾತುರ್ಯ ಹೆಚ್ಚಾಗಿ ನೋವು ಕಡಿಮೆಯಾಯಿತು ಎಂಬುದು ಎರಡನೆಯದು, ಅದರಲ್ಲಿ ಸ್ವಲ್ಪ ಹುರುಳಿದೆ. ಕೊನೆಯ ದಶಕಗಳ ಕೆಲವು ಚಿತ್ರಗಳಲ್ಲಿ ಕೈ ತನಗೆ ತಾನೇ ಓಡುತ್ತದೆ. ಇನ್ನು ಹೆಂಗಸರ ಚಿತ್ರಣ. ದೇವಿ ಮತ್ತು ಮೋಹಿನಿಯ ನಡುವೆ ಸಾಮಾನ್ಯ ಹೆಂಗಸಿಗೆ ಜಾಗ ಎಲ್ಲಿ ಎಂದು ಇಂದಿನ ವಿದ್ಯಾರ್ಥಿನಿಯರು ಕೇಳುತ್ತಾರೆ. ಕೇಳಲೇಬೇಕು.

ಹುಸೇನ್, ರಜಾ ಅವರಷ್ಟು ಹೆಸರು ಇವರಿಗೇಕೆ ಇಲ್ಲ?

ಮುಂಬಯಿ, ದೆಹಲಿಯ ಮಾರುಕಟ್ಟೆಯಿಂದ ದೂರ, ಕ್ಯಾಂಪಸ್ಸಿನಲ್ಲಿ ಬದುಕಿದರು. ಗೋಡೆಗೆ ಅಂಟಿದ್ದನ್ನು ಹರಾಜು ಹಾಕಲು ಬರುವುದಿಲ್ಲ. ಒಂದೇ ಗುರುತಿನ ಚಿಹ್ನೆ, ಹುಸೇನರ ಕುದುರೆ ಅಥವಾ ರಜಾ ಅವರ ಬಿಂದುವಿನಂಥದ್ದು, ಇವರಲ್ಲಿ ಇಲ್ಲ. ಇಷ್ಟೇ.

ಪ್ರಶಸ್ತಿಗಳು?

ಪದ್ಮಶ್ರೀ 1975, ಕಾಳಿದಾಸ ಸಮ್ಮಾನ 1981, ಪದ್ಮಭೂಷಣ 2006, ಪದ್ಮವಿಭೂಷಣ 2012.

ಶಾಂತಿನಿಕೇತನದ ಕಪ್ಪು-ಬಿಳುಪು ಗೋಡೆಯ ಕಥೆ ಏನು?

ಕಲಾಭವನದ ವಿನ್ಯಾಸ ವಿಭಾಗದ ಕಟ್ಟಡದ ಹೊರಮೈ ತುಂಬ ಅವರು 1990ರ ಆಸುಪಾಸಿನಲ್ಲಿ ಕಪ್ಪು ಬಣ್ಣದಲ್ಲಿ ಬರೆದರು. ಬಿಳಿ ಗೋಡೆ, ಕಪ್ಪು ಆಕಾರ, ನಡುವೆ ಬೂದು ಇಲ್ಲ. ತಾಳೆಮರ, ಹಕ್ಕಿ, ಪ್ರಾಣಿ, ದೇವತೆ, ಕಿಟಕಿಯ ಸುತ್ತ ಹಬ್ಬಿದ ಬಳ್ಳಿ. ಕಟ್ಟಡಕ್ಕೆ ಯಾರೋ ಕಸೂತಿ ಸೀರೆ ಉಡಿಸಿದ ಹಾಗೆ. ಶಾಂತಿನಿಕೇತನ ಇರುವ ಬೀರಭೂಮ ಜಿಲ್ಲೆಯ ಬಿಸಿಲು, ಮಳೆಗೆ ಹೊರಗಿನ ಬಣ್ಣ ಎಷ್ಟು ದಿನ ತಡೆದೀತು? ಮಾಸಿತು. 2009ರಲ್ಲಿ, 85ನೇ ವಯಸ್ಸಿನಲ್ಲಿ, ಅವರು ಮತ್ತೆ ಅಟ್ಟಣಿಗೆ ಹತ್ತಿ ಹೊಸದಾಗಿ ಬರೆದರು. ಹಳೆಯದನ್ನು ಗೆರೆಗೆ ಗೆರೆ ನಕಲು ಮಾಡುವ ಗೋಜಿಗೆ ಹೋಗಲಿಲ್ಲ. ಹಳ್ಳಿಯ ಹೆಂಗಸರು ಹಬ್ಬಕ್ಕೆ ಹಬ್ಬಕ್ಕೆ ಗೋಡೆ ಸಾರಿಸಿ ಹೊಸ ಹಸೆ ಬರೆಯುವಂತೆಯೇ ಇದೂ. ಮೂಲಕೃತಿ ಯಾವುದು ಎಂದು ಕೇಳುವ ಸಂರಕ್ಷಣಾ ತಜ್ಞರಿಗೆ ತಲೆನೋವು.

ಅವರ ಕೆಲಸ ಈಗ ಎಲ್ಲಿ ನೋಡಬಹುದು?

ಲಕ್ನೋದ ಗೋಡೆ ರಸ್ತೆಯಿಂದಲೇ ಕಾಣುತ್ತದೆ. ಶಾಂತಿನಿಕೇತನಕ್ಕೆ ಹೋಗುವವರು ಕಲಾಭವನದ ಆವರಣಕ್ಕೆ ಪ್ರವೇಶ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ ಅದು, ಎಲ್ಲೆಂದರಲ್ಲಿ ನುಗ್ಗಲು ಬಿಡುವುದಿಲ್ಲ. ಹಿಂದಿ ಭವನ ಕೂಡ ಅಲ್ಲೇ ಇದೆ. ಗುರುವಿನ ಗೋಡೆ, ಶಿಷ್ಯನ ಗೋಡೆ ಎರಡನ್ನೂ ಒಂದೇ ದಿನ ನೋಡುವ ಅವಕಾಶ ಬಿಡಬೇಡಿ. ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಸಂಗ್ರಹದಲ್ಲಿ ಚಿತ್ರಗಳಿವೆ. ಅಲ್ಲಿ 2003ರಲ್ಲಿ ನಡೆದ ದೊಡ್ಡ ಪ್ರದರ್ಶನವನ್ನು ರೂಪಿಸಿದವರು ಶಾಂತಿನಿಕೇತನದ ಕಲಾ ಇತಿಹಾಸಕಾರ ಆರ್. ಶಿವಕುಮಾರ್. ಅದರ ಪುಸ್ತಕ ಗ್ರಂಥಾಲಯದಲ್ಲಿ ಸಿಕ್ಕರೆ ಒಂದು ಮಧ್ಯಾಹ್ನ ಕೂತು ಪುಟ ತಿರುವಿ.

ಓದಲು ಶುರು ಮಾಡುವುದು ಯಾವುದರಿಂದ?

1978ರಲ್ಲಿ ಬಂದ 'ಮೂವಿಂಗ್ ಫೋಕಸ್' ಮೊದಲನೆಯ ಪ್ರಬಂಧ ಸಂಕಲನ, ಹೆಸರುವಾಸಿ. ಆದರೂ ಹೊಸಬರಿಗೆ ನಾನು ಕೊಡುವುದು 1987ರ 'ದಿ ಲಿವಿಂಗ್ ಟ್ರೆಡಿಷನ್'. ತೆಳ್ಳಗಿದೆ, ರವಿವರ್ಮನಿಂದ ಶಾಂತಿನಿಕೇತನದವರೆಗಿನ ಕಥೆಯನ್ನು ಒಂದು ವಾದದ ದಾರದಲ್ಲಿ ಪೋಣಿಸಿದೆ. 1992ರ 'ದಿ ಕ್ರಿಯೇಟಿವ್ ಸರ್ಕಿಟ್' ಎರಡನೇ ಸುತ್ತಿಗಿರಲಿ. ಸ್ಟುಡಿಯೊದಲ್ಲಿ ಕೆಲಸ ಮಾಡುವವರಾದರೆ ಓದುವ ಮೊದಲು ಒಂದು ಗಾಜಿನ ತುಂಡು ತಂದು ಅದರ ಹಿಂಬದಿಯಿಂದ ಯಾವುದಾದರೂ ಮುಖ ಬರೆದು ನೋಡಿ. ಅಂಚು ಕೈ ಕೊಯ್ಯದಂತೆ ಟೇಪು ಸುತ್ತಿಕೊಳ್ಳಿ.